ಬಿಡುವಿಲ್ಲದ ತಂತಿ

2007ರ ನವೆಂಬರ್ 12. ಬೆಳಿಗ್ಗೆ ಏಳೂವರೆಗೆ ಹೆಗ್ಗದ್ದೆ ಕಡೆಯ ಎಸ್ಟೇಟೊಂದರ ಕೂಲಿ ದ್ಯಾವಯ್ಯ ಠಾಣೆಗೆ ಬಂದ.

"ನನ್ನ ಹೆಂಡ್ರು ಮುನಿಯಮ್ಮ ರಾತ್ರಿ ಆನೆ ತಡೆಯೋ ಕರೆಂಟ್ ಬೇಲಿಗೆ ಸಿಕ್ಕಿ ಸತ್ತೋಗ್ಬುಟ್ಲು ಸಾರ್. ಎಸ್ಟೇಟ್‌ನೋರು ಅವಳದೇ ತಪ್ಪು ಅಂತಾವ್ರೆ. ಹೌದೋ ಅಲ್ವೋ ನೀವೇ ಹೇಳ್ಬೇಕು."

ಸಬ್ ಇನ್‌ಸ್ಪೆಕ್ಟರ್ ಚನ್ನಬಸವಯ್ಯ ಎಫ್‌ಐಆರ್ ದಾಖಲಿಸಿ, ಪೇದೆ ಜವರಪ್ಪನೊಂದಿಗೆ ಜೀಪು ಹತ್ತಿದರು. ಶವ ಬೇಲಿಯ ದಕ್ಷಿಣ ಮೂಲೆಯಲ್ಲಿತ್ತು. ಬಲಗೈ ಸುಟ್ಟಿತ್ತು. ಪಕ್ಕದಲ್ಲಿ ಮುಚ್ಚಳ ತೆರೆಯದ ಊಟದ ಡಬ್ಬಿ. ಪಂಚನಾಮೆಯಲ್ಲಿ ಅದನ್ನೂ ಬರೆಸಿದರು.

"ಈ ಬೇಲಿ ಕೊಲ್ಲೋದಿಲ್ವಲ್ಲ?" ಎಂದು ದ್ಯಾವಯ್ಯನನ್ನು ಕೇಳಿದರು.

"ಇಲ್ಲ ಸಾರ್. ಟಕ್ ಅಂತ ಹೊಡೆದು ಒಂದು ಗಳಿಗೆ ಬಿಡುವು ಕೊಡ್ತೈತೆ. ಆ ಬಿಡುವಲ್ಲಿ ತಂತಿ ಎತ್ತಿ ನುಸುಳ್ತೀವಿ. ಕೂಲಿ ಲೈನ್‌ನೋರೆಲ್ಲ ಹಂಗೇ ಮಾಡೋದು."

ಬೇಲಿಯನ್ನು ನಡೆಸುವ ಕಂಪ್ಯೂಟರ್ ಎಸ್ಟೇಟಿನ ಸ್ಟೋರಿನಲ್ಲಿತ್ತು. ಬೇಲಿಯ ಫ್ಯೂಸನ್ನು ಆಗಲೇ ಕಿತ್ತಿದ್ದರು. ಆದರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವೇಂದ್ರ, "ಇದನ್ನೂ ಆಫ್ ಮಾಡ್ಬುಡ್ಲಾ ಸಾರ್?" ಎಂದ. ಮೂರನೇ ಸಲ ಕೇಳಿದಾಗ ಚನ್ನಬಸವಯ್ಯನವರಿಗೆ ರೇಗಿತು. ಜವರಪ್ಪನನ್ನು ಕಾವಲಿಗೆ ನಿಲ್ಲಿಸಿದರು.

ಬೇಲಿಯ ಪ್ರೋಗ್ರಾಂ ಬರೆದ ಶ್ರುತಿ ಮಧ್ಯಾಹ್ನ ಹಾಸನದಿಂದ ಬಂದಳು.

"ಯಾರಾದ್ರೂ ಪ್ರೋಗ್ರಾಂ ಬದಲಿಸಿದಾರಾ?"

"ಡಿಸ್ಕಿನಲ್ಲಿರೋದು ಹಾಗೇ ಇದೆ ಸಾರ್. ಆದ್ರೆ ಓಡ್ತಿರುವಾಗಲೇ ಹೊಸ ನಿಯಮ ಟೈಪ್ ಮಾಡಬಹುದು. ಬರೆದದ್ದನ್ನ ಯಂತ್ರದ ಭಾಷೆಗೆ ತಿರುಗಿಸೋ ಹ್ಯಾಸ್ಕೆಲ್ ಕಂಪೈಲರನ್ನೇ ಪ್ರೋಗ್ರಾಂ ಒಳಗೆ ಲೈಬ್ರರಿಯಾಗಿ ಸೇರಿಸಿದೀನಿ. ಅದು ಆ ಸಾಲನ್ನ ತಕ್ಷಣ ಕಂಪೈಲ್ ಮಾಡಿ ಜಾರಿಗೆ ತರುತ್ತೆ. ಕಂಪ್ಯೂಟರ್ ಆಫ್ ಮಾಡಿದ್ರೆ ಆ ನಿಯಮ ಅಳಿಸಿ ಹೋಗುತ್ತೆ."

ಕೊನೆಯ ನಿಯಮವನ್ನು ಪರದೆಗೆ ತಂದು ಕನ್ನಡದಲ್ಲಿ ಹೇಳಿದಳು: ದಕ್ಷಿಣದ ತಂತಿಗೆ ಮಾತ್ರ, ಕತ್ತಲಾದ ಮೇಲೆ, ಬಿಡುವು ಸೊನ್ನೆ. ಅಂದರೆ ಕರೆಂಟು ನಿಲ್ಲುವುದೇ ಇಲ್ಲ.

"ಕಂಪೈಲರ್ ತಡೀಲಿಲ್ವಾ?"

"ಅಲ್ಲಿರೋದು ಸಂಖ್ಯೆನಾ ಅಂತಷ್ಟೇ ಅದು ನೋಡೋದು. ಸೊನ್ನೆನೂ ಸಂಖ್ಯೆನೇ. ನಾನು ತಡೆ ಹಾಕಬೇಕಿತ್ತು."

"ದಕ್ಷಿಣದ ಮೂಲೇಲಿ ಏನಿದೆ?"

"ಆನೆ ದಾರಿ ಸಾರ್," ಎಂದ ದ್ಯಾವಯ್ಯ. "ಹೋದ ವರ್ಷ ರೈಟ್ರ ಹೆಂಡ್ರನ್ನ ಆನೆ ತುಳಿದಿದ್ದು ಅಲ್ಲೇ."

ಚನ್ನಬಸವಯ್ಯ ತಿರುಗಿದರು. ದೇವೇಂದ್ರ ಕಾಫಿ ಮೂಟೆಯ ಮೇಲೆ ಕುಸಿದಿದ್ದ.

"ಆ ಆನೆಗೆ ಅಂತ ಮಾಡಿದ್ದೆ ಸಾರ್. ಜನಕ್ಕಲ್ಲ."

ಸಂಜೆ ನಾಲ್ಕಕ್ಕೆ ದಸ್ತಗಿರಿ ಆಯಿತು. ಜೀಪು ಹತ್ತಿಸುವ ಮುನ್ನ ಚನ್ನಬಸವಯ್ಯ ಆ ಊಟದ ಡಬ್ಬಿ ಯಾರಿಗೆಂದು ದ್ಯಾವಯ್ಯನನ್ನು ಕೇಳಿದರು.

"ರೈಟ್ರಿಗೇ ಸಾರ್. ಹೆಂಡ್ರು ಹೋದ ಮ್ಯಾಲೆ ಅವ್ರು ಒಲೆ ಹಚ್ಚಿಲ್ಲ. ದಿನಾ ಮುನಿಯಮ್ಮನೇ ಬೇಲಿ ಆಚೆ ಅವ್ರ ಮನೆಗೆ ಊಟ ಕೊಟ್ಟು ಬರ್ತಿದ್ಲು."

"ಗೇಟಿನ ಕಡೆಯಿಂದ ಬರ್ತಾಳೆ ಅಂದ್ಕೊಂಡಿದ್ದೆ," ಎಂದು ದೇವೇಂದ್ರ ಅತ್ತುಬಿಟ್ಟ.

ದ್ಯಾವಯ್ಯ ಅವನನ್ನೇ ನೋಡಿದ. "ಗೇಟು ದೂರ ಆಯ್ತದೆ, ಅನ್ನ ಆರೋಗ್ತದೆ ಅಂತಿದ್ಲು ಕಣಪ್ಪ."