ರಸ್ತೆ ಕಾಣದ ಬೀದಿ

"ಇದು ಯಾವ ಊರು ಮಾರಾಯ್ತಿ?" ಚಿತ್ರ ನೋಡಿ ಅಮ್ಮ ಕೇಳಿದರು.

"ನಮ್ಮ ಸ್ಟ್ರೀಟೇ ಅಮ್ಮ! ಸೌಕಾರ್‌ಪೇಟೆ," ಎಂದಳು ನಿಖಿತಾ.

"ಇಲ್ಲಿ ಮರ ಎಲ್ಲುಂಟು? ಇಷ್ಟು ಅಗಲ ರಸ್ತೆ ಎಲ್ಲುಂಟು?" ಅಮ್ಮ ನಕ್ಕೇಬಿಟ್ಟರು.

ನಿಖಿತಾಳ ಮುಖ ಸಪ್ಪಗಾಯಿತು. ನಾಳೆ ಡ್ರಾಯಿಂಗ್ ಮಿಸ್ ಎಲ್ಲರ ಚಿತ್ರಗಳನ್ನೂ ಎತ್ತಿ ತೋರಿಸುತ್ತಾರೆ. ಚಿತ್ರದಲ್ಲಿ ಜಾಗದ ಹೆಸರು ಬರೆಯುವಂತಿಲ್ಲ. ಯಾವ ಜಾಗ ಎಂದು ಕ್ಲಾಸಿನವರೇ ಹೇಳಬೇಕು. ಅಮ್ಮನಿಗೇ ಗೊತ್ತಾಗದ್ದು ಅವರಿಗೆ ಗೊತ್ತಾಗುತ್ತದೆಯೇ?

ಹೊಸ ಹಾಳೆ ಹಿಡಿದು ಕೆಳಗಿಳಿದಳು. ಅಪ್ಪ ಐತಪ್ಪ ನಡೆಸುವ ಹೋಟೆಲಿನ ಮೆಟ್ಟಿಲ ಮೇಲೆ ಕುಳಿತಳು. ಎದುರಿನ ಬಳೆ ಅಂಗಡಿ ಬರೆಯೋಣವೆಂದರೆ ಕೈಗಾಡಿಯೊಂದು ಅಡ್ಡ ಬಂತು. ಅದು ಹೋಯಿತು ಎನ್ನುವಷ್ಟರಲ್ಲಿ ತಲೆಯ ಮೇಲೆ ಬಟ್ಟೆಯ ಮೂಟೆ ಹೊತ್ತವರೊಬ್ಬರು. ಅವರ ಹಿಂದೆ ಸ್ಕೂಟರ್, ಸ್ಕೂಟರಿನ ಹಿಂದೆ ಹಸು.

"ವಳಿ ವಿಡು, ವಳಿ ವಿಡು!" ದಾರಿ ಬಿಡಿ ಎಂದು ಯಾರೋ ತಮಿಳಿನಲ್ಲಿ ಕೂಗಿದರು. ಯಾರದೋ ಚೀಲ ತಗಲಿ ಪೆನ್ಸಿಲ್ ಕೆಳಗೆ ಬಿತ್ತು. ಮೊನೆ ಮುರಿಯಿತು.

"ಅಪ್ಪ, ಇವರೆಲ್ಲ ಸ್ವಲ್ಪ ಆಚೆ ಹೋದ್ರೆ ಅಲ್ವಾ ನಾನು ಬರೆಯೋದು? ರೋಡೇ ಕಾಣಲ್ಲ!"

ಅಪ್ಪ ಕೌಂಟರಿನಿಂದಲೇ ನಕ್ಕರು. "ಈ ಊರಿಗೆ ಬಂದಾಗಿನಿಂದ ನೋಡ್ತಾ ಇದ್ದೇನೆ, ನನಗೂ ಕಾಣ್ಲಿಲ್ಲ. ಒಳಗೆ ಬಾ ಮಗಾ, ಯಾರಾದ್ರೂ ಮೆಟ್ಟಿಯಾರು."

"ಬರಲ್ಲ. ಮುಗಿಸಿಯೇ ಬರ್ತೇನೆ."

ಪೆನ್ಸಿಲ್ ಚೂಪು ಮಾಡಿಕೊಂಡಳು. ಈ ಸಲ ಜನ ಸರಿಯಲಿ ಎಂದು ಕಾಯಲಿಲ್ಲ. ಅಡ್ಡ ಬಂದದ್ದನ್ನೇ ಬರೆದಳು. ಗಾಡಿಯ ಚಕ್ರ, ಹಸುವಿನ ಅರ್ಧ ಬೆನ್ನು, ದೊಡ್ಡ ಮೂಟೆ, ಅದರ ಕೆಳಗೆ ಎರಡು ಕಾಲು. ಸಂದಿಯಲ್ಲಿ ಕಂಡಷ್ಟೇ ಬಳೆ. ಉಳಿದ ಚೂರುಪಾರು ಜಾಗವನ್ನೆಲ್ಲ ಕಪ್ಪಗೆ ತೀಡಿದಳು. ಅಮ್ಮ ಊಟಕ್ಕೆ ಕರೆದರೂ ಏಳಲಿಲ್ಲ.

ಮರುದಿನ ಮಿಸ್ ಆ ಚಿತ್ರವನ್ನು ಎತ್ತಿ ಹಿಡಿದರು. "ಇದರಲ್ಲಿ ರಸ್ತೆಯೇ ಇಲ್ಲವಲ್ಲ?"

ಮುಂದಿನ ಬೆಂಚಿನವರು ಕತ್ತು ಚಾಚಿ ನೋಡಿದರು, ಗುರುತು ಸಿಗಲಿಲ್ಲ. ನಿಖಿತಾಳಿಗೆ ಎದ್ದು ಹೇಳಿಬಿಡಲೇ ಎನ್ನಿಸಿತು. ಬೆಂಚಿನ ಅಂಚು ಹಿಡಿದು ಕುಳಿತಳು.

ಆಗ ಹಿಂದಿನ ಬೆಂಚಿನಿಂದ ಅಶ್ವಿತಾ ಎದ್ದಳು. "ಮಿಸ್, ಸೌಕಾರ್‌ಪೇಟೆ! ದೀಪಾವಳಿ ಡ್ರೆಸ್ ತಗೊಳ್ಳೋಕೆ ಹೋದಾಗ ನಾನು ಅಮ್ಮನ ಕೈ ಬಿಟ್ಟು ಕಳೆದುಹೋಗಿದ್ದು ಅಲ್ಲೇ!"

ಅವಳು ಓಡಿ ಬಂದು, ಮೂಟೆಗೂ ಹಸುವಿಗೂ ನಡುವೆ ಬೆರಳಿಟ್ಟಳು. "ಇಲ್ಲೇ ನಿಂತು ಅಳ್ತಾ ಇದ್ದೆ."

ನಿಖಿತಾಳೂ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅಲ್ಲಿ ಅವಳು ಯಾರನ್ನೂ ಬರೆದಿರಲಿಲ್ಲ. ಆದರೂ ಆ ಕಪ್ಪು ಜಾಗದಲ್ಲಿ ಪುಟ್ಟ ಅಶ್ವಿತಾ ನಿಂತಿರುವುದು ಅವಳಿಗೂ ಕಂಡಿತು.