ಹನ್ನೊಂದು ಇಪ್ಪತ್ತಕ್ಕ ವಾಕಿಯೊಳಗ ಬಂದ ಮಾತು

ಜೇಜುರಿ ಖಂಡೋಬಾನ ಭಂಡಾರ ಹಣಿಗೆ ಹಚಗೊಂಡು ಹೇಳ್ತೀನಿ ಬಿಂದುಮಾಧವ, ಇದರಾಗ ಒಂದಕ್ಷರ ಸುಳ್ಳಿಲ್ಲ. ಇಂದಾಪುರ ಬಸ್ಸಿನ್ಯಾಗ ಚಿರತಿ ತಿಕೀಟ ತಗೊಂಡು ಕಿಡಕಿ ಕಡೆ ಕೂತಿತ್ತು ಅಂದದ್ದು ಸುಳ್ಳು, ಒಪಗೋತೀನಿ. ಇದು ಖರೆ. ರವಿವಾರ ನೀ ಇಪ್ಪತ್ತು ಮಂದಿನ್ನ ಗಡಕ್ಕ, ಗುಡ್ಡದ ಮ್ಯಾಲಿನ ಕೋಟಿಗೆ, ಕರಕೊಂಡು ಹೊಂಟಿ. ವಾಕಿ-ಟಾಕಿ ಅದಾವ, ಬೀಕನ್ ಡಬ್ಬಿ ಕಪಾಟಿನ್ಯಾಗ ಇರ್ಲಿ, ಸುಮ್ಮ ಭಾರ ಯಾಕ ಅಂದಿ. ಚಹಾ ಕುಡೀಕೋತ ಕೇಳು.

ಹೋದ ವರ್ಷದ ಹಿಂದಿನ ಡಿಸೆಂಬರ್ ಹನ್ನೊಂದು, ಬುಧವಾರ, ಮುಂಜಾನೆ ಹತ್ತೂಕಾಲು. ಘಾಟಿನ ಕೆಳಗಿನ ಠಾಣೆಗೆ ಪುಣೆದ ನಿಗಡಿಯೊಳಗ ಸೀರಿ ಅಂಗಡಿ ಇಟ್ಟ ರಂಜನಾ ಅನ್ನೋ ಹೆಣ್ಣಮಗಳು ಬಂದಳು. ಮೂರು ದಿನದ ಹಿಂದ ಅದೇ ಸೀಮಿಯ ಗಡದಾಗ ಆಕಿ ತಂಗಿ ತ್ರಿವೇಣಿ ಬಿದ್ದು ತೀರಿಕೊಂಡಿದ್ದಳು. ಠಾಣೆಯೊಳಗ ಆಕಸ್ಮಿಕ ಸಾವು ಅಂತ ದಾಖಲಾಗಿತ್ತು.

ಇನ್‌ಸ್ಪೆಕ್ಟರ್ ಮೋಹಿತೆ ಕೇಳಿದ್ರು, "ದೂರು ಯಾರ ಮ್ಯಾಲೆ?"

"ಒಂದು ವಹಿ ಮ್ಯಾಲ್ರಿ."

ಆಕಿ ಮೊಬೈಲಿನ್ಯಾಗ, ವಾಕಿಯೊಳಗ ಬಂದ ಮಾತು ಬರದಿಡೋ ಟ್ರೆಕ್ಕಿಂಗ್ ಕ್ಲಬ್ಬಿನ ವಹಿ ಫೋಟೋ ತೋರ್ಸಿದಳು. ಡಿಸೆಂಬರ್ ಎಂಟು, ಹನ್ನೊಂದು ಇಪ್ಪತ್ತು, ತ್ರಿವೇಣಿ, 'ಬರೀ'. ಮರಾಠಿಯೊಳಗ ಬರೀ ಅಂದ್ರ ಅರಾಮ ಇದ್ದಾಳ ಅಂತ.

"ಅರಾಮ ಅಂತ ಹೇಳಿ, ಆಮ್ಯಾಲೆ ಸೆಲ್ಫಿ ತಗೊಳ್ಳಾಕ ಹೋಗಿ ಬಿದ್ದಾಳ ಅಂತ ಕ್ಲಬ್ಬಿನವರು ಊರೆಲ್ಲಾ ಹೇಳ್ಯಾರ. ಹನ್ನೆರಡು ವರ್ಷ ಮಂದಿ ಕೈ ಹಿಡದು ಕೆಳಗ ಇಳಿಸಿದಾಕಿ ಸಾಹೇಬ್ರ. ಆಕಿ ಹೆಂಗ ಸತ್ತಳು ಅನ್ನೂದನ್ನರೆ ಸರಿ ಬರೀರಿ."

ಎಫ್‌ಐಆರ್ ಆತು.

ಮರುದಿನ ಒಂಬತ್ತಕ್ಕ ಸ್ಥಳ ಪಂಚನಾಮೆ. ಮೋಹಿತೆ ಸಾಹೇಬ್ರ ಕೂಡ ಕಾನ್ಸ್‌ಟೇಬಲ್ ಮಾಂತು, ಜತ್ತ ಕಡೆಯಾಂವ, ಮನಿಯೊಳಗ ಕನ್ನಡ ಮಾತಾಡಾಂವ. ಆ ಗಡದ ಮೆಟ್ಟಲು ಎಷ್ಟು ಕಡಿದಂದ್ರ ಮನಶ್ಯಾನ ನೆರಳೂ ಸರಪಳಿ ಹಿಡಕೊಂಡು ಇಳೀತದ. ತ್ರಿವೇಣಿ ಕಟ್ಟಕಡೀಗೆ ಇಳಿಯಾಕಿ, ಯಾರೂ ಹಿಂದ ಉಳದಿಲ್ಲ ಅಂತ ನೋಡಾಕಿ. ಬಿದ್ದ ಹಳ್ಳದಾಗ ರಕ್ತ ಇತ್ತು, ವಾಕಿ ಇತ್ತು. ರಕ್ತ ನಿಲ್ಲಸಾಕ ಆಕಿ ತಾನ ತೊಡಿಗೆ ದುಪಟ್ಟಾ ಬಿಗದು ಕಟಗೊಂಡಿದ್ದಳು. ಮಂದಿಗೆ ಆಕಿ ಸಿಕ್ಕದ್ದು ಮೂರು ನಲವತ್ತಕ್ಕ. ಎರಡು ತಾಸು ಮೊದಲ ಸಿಕ್ಕಿದ್ರ ಉಳೀತಿದ್ದಳು ಅಂದ್ರು ಡಾಕ್ಟರ್. ಆಕಿ ಕೈಗಡಿಯಾರ ಹೆಜ್ಜಿ ಎಣಸೂದು. ಕಡೀ ಹೆಜ್ಜಿ, ಹನ್ನೊಂದು ಹದಿನಾಲ್ಕು.

ಮೋಹಿತೆ ಅಂದ್ರು, "ಬಿದ್ದು ಆರು ನಿಮಿಷಕ್ಕ ಅರಾಮ ಅಂತ ಯಾರು ಹೇಳ್ತಾರ?"

ಮಾಂತು ಹನ್ನೊಂದು ಹದಿನಾಲ್ಕು ಅಂತ ಪಂಚನಾಮೆಯೊಳಗ ಬರಕೊಂಡ.

ವಹಿ ಬರದಾಂವ ಕ್ಲಬ್ಬಿನ ಮುಖ್ಯಸ್ಥ ಮಂದಾರ ದೇಶಪಾಂಡೆ. ಆವತ್ತು ಕೆಳಗ ಹಳ್ಳಿಯೊಳಗ ಜೀಪಿನ ಬಾಜೂ ವಾಕಿ ಹಿಡಕೊಂಡು ಕೂತಾಂವ. ಜೀಪಿನ ಪಂಚನಾಮೆ ಮಾಡಿದ್ರ ಅವನ ಚೀಲದಾಗ ಬೀಕನ್ ಸಿಕ್ಕಿತು, ಸೀಲ್ ಸೈತ ಒಡದಿದ್ದಿಲ್ಲ.

"ಇದೇನು?" ಮೋಹಿತೆ ಕೇಳಿದ್ರು.

"ಗುಂಡಿ ಒತ್ತಿದ್ರ ಉಪಗ್ರಹಕ್ಕ ಸುದ್ದಿ ಹೋಗ್ತದ, ಎಲ್ಲಿ ಅದೀರಿ ಅಂತ."

"ಕಟ್ಟಕಡೀಗೆ ಇಳಿಯಾಕಿ ಕಡೆ ಯಾಕ ಇದ್ದಿಲ್ಲ?"

"ಇಪ್ಪತ್ತು ವರ್ಷದಾಗ ಒಮ್ಮೆಯೂ ಬೇಕಾಗಿಲ್ಲ. ವಾಕಿ ಸಾಕು."

"ಸ್ಯಾಟಲೈಟ್ ಫೋನು?"

"ಪರವಾನಗಿ ಇಲ್ಲದ ಇಟಗೊಂಡ್ರ ನೀವ ಹಿಡೀತೀರಿ."

ಈ ಮಾತು ಮಾತ್ರ ಖರೆ ಇತ್ತು.

ಹದಿನಾಲ್ಕನೇ ತಾರೀಕು ಒಂದು ವಿಡಿಯೋ ಸಿಕ್ಕಿತು. ಮುಂದ ಇಳಿಯಾಕ ಹತ್ತಿದ್ದ ಒಬ್ಬಾಂವ ಗಡದ ಚಂದ ತಗೊಂಡಿದ್ದ. ಅವನ ಸೊಂಟದ ವಾಕಿಯೊಳಗ ಹೆಣ್ಣು ದನಿ, 'ಬರೀ' ಅಂದಂಗ, ಎರಡು ಸಲ. ಮಂದಾರನ ಉತ್ತರ ಮರಾಠಿಯೊಳಗ, "ಠೀಕ, ಸಾವಕಾಶ ಯೇ," ನಿಧಾನ ಬಾ ಅಂತ. ಸುತ್ತಲಿನ ಮಂದಿ ನಗಾಕ ಹತ್ಯಾರ.

ಮಾಂತು ಮೂರು ಸಲ ಕೇಳಿದ. ಆಮ್ಯಾಲೆ ಟೋಪಿ ತಗದು ಟೇಬಲ್ಲಿನ ಮ್ಯಾಲೆ ಇಟ್ಟ.

"ಸಾಹೇಬ್ರ, ಬರೀ ಅಲ್ಲ. ಬರ್ರಿ. ನಮ್ಮ ಮಾತಿನ್ಯಾಗ ಬರ್ರಿ ಅಂದ್ರ ಇಲ್ಲಿ ಬರ್ರಿ ಅಂತ. ಆಕಿ ಕರೀಲಿಕ್ಕೆ ಹತ್ಯಾಳ."

ಮೋಹಿತೆ ವಿಡಿಯೋ ಮತ್ತೊಮ್ಮೆ ಹಚ್ಚಿ ಕೇಳಿದ್ರು.

"ಮರಾಠಿ ಮಂದಿ ತಪ್ಪು ತಿಳಕೊಂಡ್ರು. ಅದು ಅಪರಾಧ ಅಲ್ಲ ಮಾಂತು."

"ಮನಿಮಾತು ಕನ್ನಡ ಆದ್ರೂ ಆಕಿ ಪುಣೆದಾಗ ಹುಟ್ಟಿ ಬೆಳದಾಕಿ, ಅಕ್ಕನ ಹೇಳ್ಯಾಳ. ಮರಾಠಿ ನಿಮ್ಮಕ್ಕಿಂತ ಚಲೋ ಮಾತಾಡ್ತಿದ್ದಳು, ತಪ್ಪು ತಿಳೀಬ್ಯಾಡ್ರಿ. ನೋವು ಬಂದ್ರ ಯವ್ವಾ ಅಂತಾರ, ಸಾಹೇಬ್ರ. ಬರ್ರಿ ಅನ್ನೂದಿಲ್ಲ. ರೀ ಹಚ್ಚಿ, ಮರ್ಯಾದಿ ಕೊಟ್ಟು ಕರದಾಳ. ಯಾರನ್ನೋ ಕರದಾಳ. ಕನ್ನಡ ತಿಳಿಯಾವರನ್ನ."

ಹದಿನಾರಕ್ಕ ಮಂದಾರ ಠಾಣೆಗೆ ಬಂದ.

"ಕನ್ನಡ ಬರ್ತದೇನು?" ಮೋಹಿತೆ ಕೇಳಿದ್ರು.

"ಒಂದು ಶಬ್ದ ಇಲ್ಲ. ದೇಶಪಾಂಡೆ ನಾನು. ಪುಣೇಕರ."

ದೇಶಪಾಂಡೆ ಅಂದ್ರ ಗಡಿ ಇತ್ತಾಗೂ ಸಿಗ್ತಾರ, ಅತ್ತಾಗೂ ಸಿಗ್ತಾರ. ಮೋಹಿತೆ ಚಹಾ ತರಿಸಿದ್ರು. ಪ್ರಶ್ನಿ ಎಲ್ಲಾ ಮರಾಠಿಯೊಳಗ. ಮಂದಾರ ಕಪ್ಪು ಎತ್ತಿದ. ಬೆನ್ನ ಹಿಂದ ಫೈಲ್ ಜೋಡಸಾಕ ಹತ್ತಿದ್ದ ಮಾಂತು, ತನಗ ತಾನ ಮಾತಾಡಿದಂಗ ಕನ್ನಡದಾಗ ಅಂದ, "ಅಯ್ಯ, ಚಹಾದಾಗ ಇರುವಿ ಬಿದ್ದದ."

ಮಂದಾರ ಕಪ್ಪಿನ್ಯಾಗ ಹಣಿಕಿ ಹಾಕಿದ.

ಇರುವಿ ಇದ್ದಿಲ್ಲ. ಅವನಿಗೂ ತಿಳೀತು, ಕಪ್ಪು ಕೆಳಗ ಇಟ್ಟ.

ಆದ್ರ ಇಲ್ಲದ ಇರುವಿನ್ನ ಕೋರ್ಟಿನ್ಯಾಗ ಸಾಕ್ಷಿಗೆ ನಿಂದರಸಾಕ ಬರೂದಿಲ್ಲ. ಅವನ ಪಾಸ್‌ಪೋರ್ಟಿನ್ಯಾಗ ಹುಟ್ಟಿದ ಊರು ಧಾರವಾಡ ಅಂತ ಇತ್ತು, ಮೋಹಿತೆ ಅಲ್ಲಿಗೆ ಬರದ್ರು. ಇಪ್ಪತ್ತನೇ ತಾರೀಕು ಅವ ಕಲತ ಸಾಲಿಯಿಂದ ಕಾಗದ ಬಂತು. ಮಂದಾರ ದೇಶಪಾಂಡೆ, ಹತ್ತನೇ ಇಯತ್ತೆ, ಪ್ರಥಮ ಭಾಷೆ ಕನ್ನಡ, ನೂರಾ ಇಪ್ಪತ್ತೈದಕ್ಕ ನೂರಾ ಹದಿನೆಂಟು.

ಇಪ್ಪತ್ತೊಂದು, ಶನಿವಾರ, ಮುಂಜಾನೆ ಏಳೂವರಿ. ಪೊಲೀಸರು ಮಂದಾರನ ಮನಿಗೆ ಹೋದ್ರು, ಬಾಗಲಾ ತಗದಾಂವ ಅವನ. ಮಾಂತು ಕನ್ನಡದಾಗ ಅಂದ, "ಬರ್ರಿ."

ಅವ ಚಪ್ಪಲಿ ಮೆಟಗೊಂಡು ಬಂದ.

ಹೇಳಿಕಿಯೊಳಗ ಭಾಳ ಇಲ್ಲ. ಇವನಿಗೆ ಕನ್ನಡ ಬರ್ತದ ಅಂತ ತ್ರಿವೇಣಿಗೆ ಗೊತ್ತಿತ್ತು. ನವೆಂಬರ್ ಮೀಟಿಂಗಿನ್ಯಾಗ ತ್ರಿವೇಣಿ ಎದ್ದು ನಿಂತು, ಗುಡ್ಡ ಅಡ್ಡ ಬಂದ್ರ ವಾಕಿ ಕಿವುಡ, ಬೀಕನ್ ಕಟ್ಟಕಡೀಗೆ ಇಳಿಯಾವರ ಕಡೆ ಇರಬೇಕು ಅಂದಿದ್ದಳು. ಅದು ನನ್ನ ಗಡದಾಗ ಬೇಕಾದ್ರ ಮೀಸಿ ಬೋಳಿಸ್ತೀನಿ ಅಂದಿದ್ದ ಇವ, ಮೂವತ್ತು ಮಂದಿ ಮುಂದ.

"ಬರ್ರಿ ಅಂದದ್ದು ತಿಳೀತು. ಕಾಲು ಉಳುಕಿರಬೇಕು, ಅರ್ಧ ತಾಸಿನ್ಯಾಗ ತಾನ ಎದ್ದು ಬರ್ತಾಳ ಅನಕೊಂಡೆ," ಅಂದ.

"ಅರ್ಧ ತಾಸು ಆದಮ್ಯಾಲೆ?"

"ಅರ್ಧ ತಾಸು ಯಾಕ ಸುಮ್ಮ ಕೂತಿ ಅಂತ ಕೇಳ್ತಿದ್ರು. ಅದಕ್ಕ ಮತ್ತರ್ಧ ತಾಸು."

ಮೀಸಿ ಹಂಗ ಇತ್ತು.

ಸಂಜಿಮುಂದ ರಂಜನಾ ಠಾಣೆಗೆ ಬಂದಳು. ಮೋಹಿತೆ ಸಾಹೇಬ್ರು ತಿದ್ದಿದ ವರದಿ ಕಾಗದ ತಿರುಗಿಸಿ ಒಂದು ಸಾಲಿನ ಮ್ಯಾಲೆ ಬೆರಳಿಟ್ರು. ಹನ್ನೊಂದು ಇಪ್ಪತ್ತಕ್ಕ ತ್ರಿವೇಣಿ ಸಹಾಯಕ್ಕ ಕರೆದಳು. ರಂಜನಾ ಅದನ್ನ ಎರಡು ಸಲ ಓದಿದಳು. ಒಂದು ಝೆರಾಕ್ಸ್ ಕೊಡ್ರಿ ಅಂದಳು. ಅಷ್ಟ.

ಅದಕ್ಕ ಬಿಂದುಮಾಧವ, ಯಾವ ಡಬ್ಬಿ ತಗೋಬೇಕು ಅನ್ನೂದು ಆಮ್ಯಾಲಿನ ಮಾತು. ಮೊದಲ ಅದು ಯಾರ ಚೀಲದಾಗ... ಅರೆ, ಎದ್ದ್ಯಾಕ? ಚಹಾ ಅರ್ಧಾ ಹಂಗ ಅದ. ಕಪಾಟಿನ ಕೀಲಿ ನಿನ್ನ ಕಿಸೇದಾಗ ಅದೇನು? ತಡಿಯಪಾ, ಅದನ್ನ ತಂದು ಕಟ್ಟಕಡೀಗೆ ಇಳಿಯಾವರ ಕೈಯಾಗ ಕೊಟ್ಟಮ್ಯಾಲೆ, ಅವರು ಯಾವ ಮಾತಿನ್ಯಾಗ ಕರೀತಾರ ಅಂತ ನೀ ಮೊದಲ ಕೇಳಿ ತಿಳಕೊಂಡಿರು.