ಕೂದಲೆಳೆಯಷ್ಟು ತಡ

"ಇದು ನಾನು ಬಾರಿಸಿದ್ದಲ್ಲ..."

ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು. ಪಕ್ಕದಲ್ಲಿ ಸ್ಯಾಕ್ಸೋಫೋನ್ ಒರೆಸುತ್ತಿದ್ದವನ ಕೈ ಅಲ್ಲೇ ನಿಂತಿತು.

ಅವನದು ಜಾಝ್, ಇವಳದು ದೋಣಿಯವರ ಡೋಲು. ಎಣ್ಣೆ ಸೀಗೆಕಾಯಿ ಎಂದು ನಕ್ಕವರೆಲ್ಲ ಇವರು ಜೊತೆಯಾಗಿ ನುಡಿಸಿದ ಮೊದಲ ಹಾಡು ಕೇಳಿ ಬಾಯಿ ಮುಚ್ಚಿದ್ದರು. ಅಂಥದ್ದನ್ನು ಯಾರೂ ಕೇಳಿರಲಿಲ್ಲ.

ದೋಣಿಯ ಹುಟ್ಟು ನೀರಿನಿಂದ ಮೇಲೇಳುವವರೆಗೆ ಡೋಲು ಕಾಯಬೇಕು. ಅದಕ್ಕೇ ಅವಳ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಅಪ್ಪ ಕಲಿಸಿದ್ದೇ ಹಾಗೆ. ಈಗ ನೋಡಿದರೆ ಹೊಸ ಆಲ್ಬಮ್‌ನ ಎಂಟು ಹಾಡಿನಲ್ಲೂ ಪೆಟ್ಟುಗಳು ಗಡಿಯಾರದಂತೆ ನೆಟ್ಟಗೆ ಬೀಳುತ್ತಿವೆ!

"ಯಾರು ಇದನ್ನ ತಿದ್ದಿದ್ದು?"

"ನಾನೇ... ಕಂಪ್ಯೂಟರಲ್ಲಿ ಸ್ವಲ್ಪ ಸರಿಸಿದೆ. ವಿಮರ್ಶಕರು ನಿನಗೆ ತಾಳಾನೇ ಗೊತ್ತಿಲ್ಲ ಅಂದುಬಿಡ್ತಾರೆ. ಯಾರೂ ನಿನ್ನನ್ನ ಆಡಿಕೊಳ್ಳಬಾರದು ಅಂತ..."

ಎರಡು ವರ್ಷ ಜೊತೆಗೆ ಕೂತು ನುಡಿಸಿದವನು. ಇವನಿಗೂ ನಾನು ತಾಳ ತಪ್ಪಿದವಳೇನಾ?

"ನನ್ನನ್ನ ಕಾಪಾಡೋಕೆ ಹೋಗಿ ನನ್ನನ್ನೇ ತೆಗೆದುಹಾಕಿದ್ದೀಯ. ಹೆಸರೂ ತೆಗೆದುಬಿಡು."

ಮೂರು ದಿನ ಅವಳು ಫೋನ್ ಎತ್ತಲಿಲ್ಲ. ತಟ್ಟೆ ಕುಕ್ಕಿದಳು, ಬಾಗಿಲು ಧಡಾರನೆ ಹಾಕಿದಳು, ಅಮ್ಮನ ಮೇಲೂ ರೇಗಿದಳು. ಮನಸ್ಸಿನಲ್ಲೇ ಅವನನ್ನು ಬೈದು ಬೈದು ಸಾಕಾಯಿತು. ಹಾಳಾದ ಪ್ರೀತಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅವನೇ ಬಾಗಿಲಲ್ಲಿ ನಿಂತಿದ್ದ, ಗಡ್ಡ ಬೋಳಿಸದ ಮುಖ ಹೊತ್ತು.

"ತಿದ್ದಿದ ಡೋಲಿನ ಜೊತೆ ಇನ್ನೊಮ್ಮೆ ನುಡಿಸೋಣ ಅಂತ ಹೋದೆ. ಆಗಲಿಲ್ಲ. ಉಸಿರು ಎಳೆದುಕೊಳ್ಳೋಕೂ ಎಡೆ ಸಿಗಲಿಲ್ಲ."

ಅವಳು ಬಾಗಿಲ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

"ಎರಡು ವರ್ಷದಿಂದ ಆ ಎಡೆ ನೀನು ಕೊಡ್ತಿದ್ದೆ. ನನ್ನ ಅರ್ಧ ಸಂಗೀತ ಹುಟ್ಟಿದ್ದೇ ಅಲ್ಲಿ. ನಾನು ಪೆದ್ದ, ಅದನ್ನ ತಪ್ಪು ಅಂದುಕೊಂಡೆ. ತಿದ್ದಿದ್ದೆಲ್ಲ ಅಳಿಸಿದೀನಿ. ಅದರಲ್ಲಿ ಜಾಝೂ ಇರಲಿಲ್ಲ, ದೋಣೀನೂ ಇರಲಿಲ್ಲ. ನೀನು ಬಾರಿಸಿದ್ದು ಬಾರಿಸಿದ ಹಾಗೇ ಹೋಗುತ್ತೆ."

"ಆಡಿಕೊಂಡರೆ?"

"ಇಬ್ಬರನ್ನೂ ಆಡಿಕೊಳ್ಳಲಿ."

ಅವಳ ಕಣ್ಣು ತುಂಬಿ ಬಂತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ಇನ್ನೊಂದು ಸಲ ನನಗೆ ಹೇಳದೆ, ನನ್ನ ಒಳ್ಳೇದಕ್ಕೆ ಅಂತ ಏನಾದರೂ ಮಾಡಿದರೆ..."

"ಮಾಡಲ್ಲ. ಇವತ್ತಿಂದ ಎಲ್ಲಾ ಮುಖದ ಮುಂದೇನೇ. ನಿನ್ನನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ. ಮದುವೆ ಆಗ್ತೀಯಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನಗೆ ಇನ್ನೂ ಸಿಟ್ಟಿದೆ."

"ಇರಲಿ."

"ಪೂರ್ತಿ ಹೋಗೋಕೆ ತುಂಬಾ ದಿನ ಹಿಡಿಯುತ್ತೆ."

"ಪಕ್ಕದಲ್ಲೇ ಇರ್ತೀನಿ, ಬೈತಾ ಇರು."

"ಹಾಗಾದರೆ ಒಳಗೆ ಬಾ," ಎಂದು ಅವಳು ಅವನ ಕೈ ಹಿಡಿದಳು. "ಇದನ್ನೇ ಅಮ್ಮನ ಮುಂದೆ ಹೇಳು."